ಬೂಟು ಚೆನ್ನಾಗಿದೆ, ಕಾಲು ಯಾಕೆ ನೋಯುತ್ತದೆ? ಇನ್‌ಸೋಲ್ ಆರಿಸುವವರಿಗೆ ಉತ್ತರ

ಮಳೆ ಹಿಂದಾಗಿ ಚಿಂಚೋಳಿ ಕಾಡು ಹಸಿರು ಹಿಡಿದು ನಿಂತರೆ, ಶಹಾಪುರದ ಬಂಡೆಗಳ ಮೇಲೆ ಬೆಳಗಿನ ಜಾವ ಹತ್ತುವವರು ಹೆಚ್ಚಾದರೆ, ಈ ಅಂಕಣಕ್ಕೆ ಕಾಲುನೋವಿನ ಪತ್ರಗಳು ಬರುತ್ತವೆ. ಈ ಸಲ ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಕೇಳಿದ್ದು ಒಂದೇ: ಬೂಟಿನ ಒಳಗೆ ಅಂಗಾಲಿನ ಕೆಳಗೆ ಹಾಸುವ ಮೆತ್ತೆ, ಅಂದರೆ ಇನ್‌ಸೋಲ್, ಬದಲಿಸಿದರೆ ನೋವು ಹೋದೀತೇ? ಕೆಲವರಿಗೆ ಹೋಗುತ್ತದೆ. ಕೆಲವರ ನೋವಿಗೂ ಇನ್‌ಸೋಲಿಗೂ ಸಂಬಂಧವೇ ಇಲ್ಲ. ಯಾರಿಗೆ ಯಾವುದು ಅನ್ನುವುದು ನೋವು ಪಾದದ ಯಾವ ಜಾಗದಲ್ಲಿ, ಯಾವ ಹೊತ್ತಿನಲ್ಲಿ ಬರುತ್ತದೆ ಅನ್ನುವುದರ ಮೇಲೆ ನಿಂತಿದೆ.

ಪ್ರಶ್ನೆ: ವಾರಕ್ಕೊಮ್ಮೆ ಗೆಳೆಯರ ಜೊತಿ ಚಂದ್ರಂಪಳ್ಳಿ ಡ್ಯಾಮಿನ ಸುತ್ತಮುತ್ತ 8-10 ಕಿ.ಮೀ. ನಡಿತೀವಿ. ಎರಡು ತಿಂಗಳಿಂದ ಮುಂಜಾನೆ ಹಾಸಿಗಿ ಬಿಟ್ಟು ಮೊದಲನೇ ಹೆಜ್ಜಿ ಇಟ್ಟರ ಬಲ ಹಿಮ್ಮಡಿಗೆ ಮೊಳಿ ಹೊಡದಂಗ ಆಗ್ತದ. ಅಂಗಡಿಯಾಗ ಮೆತ್ತನ್ನ ಜೆಲ್ ಇನ್‌ಸೋಲ್ ಕೊಟ್ರು. ನಿಂತಾಗ ಹತ್ತಿ ಮ್ಯಾಲ ನಿಂತಂಗಿತ್ತು. ಐದು ಕಿ.ಮೀ. ನಡದ ಮ್ಯಾಲ ನೋವು ಮೊದಲಿಗಿಂತ ಜಾಸ್ತಿ. ಯಾವುದು ತಗೋಬೇಕ್ರಿ? (ಕಲಬುರಗಿ)

ಉತ್ತರ: ನೀವು ಬರೆದ ಲಕ್ಷಣ ಅಂಗಾಲಿನ ಪಟ್ಟಿಯ ನೋವನ್ನೇ ಹೋಲುತ್ತದೆ. ಹಿಮ್ಮಡಿ ಮೂಳೆಯಿಂದ ಹೊರಟು ಬೆರಳ ಬುಡದವರೆಗೆ ಹಬ್ಬಿದ ಗಟ್ಟಿ ನಾರಿನ ಪಟ್ಟಿ ಪಾದದ ಕಮಾನನ್ನು ಬಿಲ್ಲಿನ ಹೆದೆಯಂತೆ ಬಿಗಿದಿಟ್ಟಿರುತ್ತದೆ. ಆ ಹೆದೆ ಹಿಮ್ಮಡಿಗೆ ಅಂಟಿದ ಜಾಗ ಎಳೆದೆಳೆದು ನೊಂದರೆ ವೈದ್ಯರು ಪ್ಲಾಂಟಾರ್ ಫೇಸಿಯೈಟಿಸ್ ಅನ್ನುತ್ತಾರೆ. ರಾತ್ರಿಯಿಡೀ ಸಡಿಲವಾಗಿದ್ದ ಪಟ್ಟಿ ಮೊದಲ ಹೆಜ್ಜೆಗೆ ತಟ್ಟನೆ ಎಳೆದುಕೊಳ್ಳುವುದರಿಂದಲೇ ಬೆಳಗಿನ ಆ ಚುಚ್ಚು. ಹತ್ತು ಹೆಜ್ಜೆ ಆದಮೇಲೆ ಕಡಿಮೆಯಾಗಿ, ದಿನದ ಕೊನೆಗೆ ಮತ್ತೆ ಬರುತ್ತದೆ.

ಜೆಲ್ ಯಾಕೆ ಕೈಕೊಟ್ಟಿತು? ಸಪಾಟು ನೆಲದ ಮೇಲೆ ನಡೆಯುವಾಗಲೇ ಪ್ರತಿ ಹೆಜ್ಜೆಗೆ ಪಾದದ ಮೇಲೆ ಮೈತೂಕದ ಸುಮಾರು 1.2 ಪಟ್ಟು ಭಾರ ಬೀಳುತ್ತದೆ. 8 ಕಿ.ಮೀ. ಅಂದರೆ ಒಂದೊಂದು ಕಾಲಿಗೆ ಸುಮಾರು ಐದು ಸಾವಿರ ಹೆಜ್ಜೆ. ಬೆನ್ನಿಗೆ ನೀರು, ಊಟದ ಚೀಲ ಬೇರೆ. ಮೆತ್ತನೆಯ ಜೆಲ್ ಅಷ್ಟು ಭಾರಕ್ಕೆ ಪಕ್ಕಕ್ಕೆ ಹರಿಯುತ್ತದೆ, ಹಿಮ್ಮಡಿ ಅದರಲ್ಲಿ ಹೂತು ಒಳಗಡೆಗೆ ವಾಲುತ್ತದೆ, ಕಮಾನು ಕುಸಿಯುತ್ತದೆ, ಹೆದೆ ಇನ್ನಷ್ಟು ಎಳೆದುಕೊಳ್ಳುತ್ತದೆ. ಅಂಗಡಿಯಲ್ಲಿ ಎರಡು ನಿಮಿಷ ನಿಂತಾಗ ಸುಖ ಅನ್ನಿಸಿದ್ದು ಸುಳ್ಳಲ್ಲ, ಆದರೆ ಅದು ನಿಲ್ಲುವ ಸುಖ, ನಡೆಯುವ ಸುಖವಲ್ಲ. ಮೆಮರಿ ಫೋಮಿನ ಕಥೆಯೂ ಇದೇ, ಜೊತೆಗೆ ಅದು ನಮ್ಮ ಬಿಸಿಲಿಗೆ ಕಾಲನ್ನು ಬೇಯಿಸುತ್ತದೆ.

ನಿಮಗೆ ಬೇಕಾದದ್ದು ಎರಡು ಗುಣ. ಒಂದು, ಆಳವಾದ ಗಟ್ಟಿ ಹಿಮ್ಮಡಿ ಬಟ್ಟಲು, ಅಂಗಡಿಯವರ ಮಾತಿನಲ್ಲಿ ಹೀಲ್ ಕಪ್. ಹಿಮ್ಮಡಿ ಮೂಳೆಯ ಕೆಳಗೆ ದೇವರು ಕೊಟ್ಟ ಕೊಬ್ಬಿನ ಮೆತ್ತೆ ಇದೆ. ಭಾರ ಬಿದ್ದಾಗ ಅದು ಅತ್ತಿತ್ತ ಹರಡಿ ತೆಳ್ಳಗಾಗುತ್ತದೆ. ಬಟ್ಟಲು ಸುತ್ತಲಿಂದ ಹಿಡಿದರೆ ಅದೇ ಮೆತ್ತೆ ಮೂಳೆಯ ಕೆಳಗೇ ಉಳಿಯುತ್ತದೆ. ಯಾವ ಜೆಲ್ಲಿಗಿಂತಲೂ ಅದು ಮೇಲು. ಎರಡು, ಕಮಾನಿನ ಕೆಳಗೆ ಪ್ಲಾಸ್ಟಿಕ್ಕಿನ ಅಥವಾ ಬಹಳ ಗಟ್ಟಿ ಫೋಮಿನ ಆಧಾರದ ತಗಡು. ಅಂಗಡಿಯಲ್ಲೇ ಪರೀಕ್ಷಿಸಬಹುದು: ಇನ್‌ಸೋಲನ್ನು ಮೇಜಿನ ಮೇಲಿಟ್ಟು ಕಮಾನಿನ ಉಬ್ಬನ್ನು ಹೆಬ್ಬೆರಳಿನಿಂದ ಒತ್ತಿ. ಒಂದು ಬೆರಳಿಗೇ ಪೂರ್ತಿ ನೆಲ ಮುಟ್ಟಿದರೆ ಅದು ನಿಮ್ಮ ಮೈಭಾರವನ್ನು ಹೊರುವುದಿಲ್ಲ. ಸ್ವಲ್ಪ ಬಾಗಿ, ಬಿಟ್ಟ ಕೂಡಲೇ ಮೇಲೆದ್ದರೆ ಸರಿ. ಕಲ್ಲಿನ ಹಾಗೆ ಅಲ್ಲಾಡದೇ ಇದ್ದರೆ ಅದೂ ಬೇಡ. ಮೇಲಿನ ಫೋಮು ಇವಿಎ (ಎಥಿಲೀನ್ ವಿನೈಲ್ ಅಸಿಟೇಟ್) ಆದರೆ ಹಗುರ, ಬೇಗ ಚಪ್ಪಟೆಯಾಗುತ್ತದೆ. ಪಿಯು (ಪಾಲಿಯುರೆಥೇನ್) ತುಸು ಭಾರ, ಹೆಚ್ಚು ಕಾಲ ಬಾಳುತ್ತದೆ. ವಾರವಾರ ನಡೆಯುವವರಿಗೆ ಪಿಯು ಒಳ್ಳೆಯದು.

ಇನ್‌ಸೋಲ್ ಅರ್ಧ ಕೆಲಸ ಮಾತ್ರ. ಮೀನಖಂಡ ಬಿಗಿಯಾಗಿದ್ದರೆ ಅಂಗಾಲಿನ ಪಟ್ಟಿಯೂ ಬಿಗಿ. ಗೋಡೆಗೆ ಕೈಕೊಟ್ಟು, ನೋಯುವ ಕಾಲನ್ನು ಹಿಂದಕ್ಕಿಟ್ಟು, ಹಿಮ್ಮಡಿ ನೆಲಕ್ಕೆ ಊರಿ 30 ಸೆಕೆಂಡ್ ಎಳೆಯಿರಿ. ಮೂರು ಸಲ, ದಿನಕ್ಕೆ ಎರಡು ಹೊತ್ತು. ಬೆಳಿಗ್ಗೆ ಹಾಸಿಗೆಯಲ್ಲೇ ಕುಳಿತು ಟವೆಲನ್ನು ಬೆರಳ ಬುಡಕ್ಕೆ ಹಾಕಿ ನಿಮ್ಮ ಕಡೆ ಎಳೆದು, ಆಮೇಲೆ ಕಾಲು ನೆಲಕ್ಕಿಡಿ. ಮನೆಯೊಳಗೆ ಶಹಾಬಾದ್ ಕಲ್ಲಿನ ನೆಲದ ಮೇಲೆ ಬರಿಗಾಲಲ್ಲಿ ಓಡಾಡುವುದನ್ನು ಕೆಲವು ವಾರ ಬಿಡಿ, ಒಳಗೂ ಆಧಾರವಿರುವ ಚಪ್ಪಲಿ ಇರಲಿ. ಬಗೆಹರಿಯಲು ತಿಂಗಳುಗಳೇ ಹಿಡಿಯಬಹುದು. ಆರು ವಾರದಲ್ಲಿ ಒಂದಿಷ್ಟೂ ಇಳಿಯದಿದ್ದರೆ ವೈದ್ಯರಿಗೆ ತೋರಿಸಿ. ಹಿಮ್ಮಡಿಯನ್ನು ಎರಡೂ ಪಕ್ಕದಿಂದ ಅಂಗೈಯಲ್ಲಿ ಅದುಮಿದರೆ ಪ್ರಾಣಹೋಗುವಂತೆ ನೋಯುತ್ತಿದ್ದರೆ, ರಾತ್ರಿ ಮಲಗಿದಾಗಲೂ ನೋವಿದ್ದರೆ ಕಾಯುವುದೇ ಬೇಡ. ಮೂಳೆಯಲ್ಲಿ ಬಿರುಕು ಇರಬಹುದು.

ಪ್ರಶ್ನೆ: ಆನ್‌ಲೈನಿನಲ್ಲಿ ‘ಕತ್ತರಿಸಿ ಹೊಂದಿಸಿಕೊಳ್ಳಿ’ ಅನ್ನುವ ಇನ್‌ಸೋಲ್ ತರಿಸಿದೆ. ನನ್ನ ಬೂಟು 8 ನಂಬರ್. ಸಣ್ಣದು ಬಂದುಬಿಟ್ಟರೆ ಎಂದು ದೊಡ್ಡ ಅಳತೆಯದನ್ನೇ ಕೊಂಡು ಮುಂದೆ ಕತ್ತರಿಸಿದೆ. ಉದ್ದ ಸರಿಯಾಗಿದೆ, ಆದರೆ ಪಾದದ ನಡುವೆ ಏನೋ ಗಡ್ಡೆ ಒತ್ತಿದ ಹಾಗಿದೆ. ಬೆಟ್ಟ ಹತ್ತುವಾಗ ಇನ್ನೂ ಜಾಸ್ತಿ. (ಶಹಾಪುರ)

ಉತ್ತರ: ತಪ್ಪು ಕತ್ತರಿಯದಲ್ಲ, ಅಳತೆಯದು. ಮುಂದಿನಿಂದ ಎಷ್ಟು ಕತ್ತರಿಸಿದರೂ ಕಮಾನಿನ ಉಬ್ಬು ಇದ್ದ ಜಾಗದಲ್ಲೇ ಇರುತ್ತದೆ. ಮಾತಿಗೆ, 11 ನಂಬರಿನ ಪಾದಕ್ಕೆಂದು ಮಾಡಿದ ಉಬ್ಬು ಹಿಮ್ಮಡಿಯಿಂದ ದೂರ ಇರುತ್ತದೆ. ಅದನ್ನು 8ಕ್ಕೆ ಕತ್ತರಿಸಿದರೆ ಉಬ್ಬಿನ ಮುಂತುದಿ ನಿಮ್ಮ ಹೆಬ್ಬೆರಳ ಬುಡದ ಗೆಣ್ಣಿನ ಕೆಳಗೆ ಬಂದು ಕೂರುತ್ತದೆ. ಹತ್ತುವಾಗ ಪಾದ ಬಾಗುವುದು ಅದೇ ಗೆಣ್ಣಿನಲ್ಲಿ. ಅದಕ್ಕೇ ಬೆಟ್ಟದಲ್ಲಿ ಹೆಚ್ಚು. ಅದನ್ನು ಸರಿಪಡಿಸಲು ಬರುವುದಿಲ್ಲ. ನಿಮಗಿಂತ ದೊಡ್ಡ ಪಾದದವರು ಮನೆಯಲ್ಲಿದ್ದರೂ ಕತ್ತರಿಸಿಯಾಗಿದೆ. ಬೇರೆಯದನ್ನೇ ತರಬೇಕು.

ಮುಂದಿನ ಸಲ ಮೊದಲು ನಂಬರಿನ ಗೊಂದಲ ಬಿಡಿಸಿಕೊಳ್ಳಿ. ನಮ್ಮ ಅಂಗಡಿಗಳಲ್ಲಿ ಹೇಳುವ 8 ಯುಕೆ ನಂಬರು. ಪೊಟ್ಟಣದ ಮೇಲೆ ಯುಎಸ್ ಎಂದಿದ್ದರೆ ಗಂಡಸರ ಅಳತೆಯಲ್ಲಿ ಅದು 9, ಯುರೋಪಿನದಾದರೆ 42ರ ಆಸುಪಾಸು. ಯುಕೆ ಲೆಕ್ಕದಲ್ಲಿ ಒಂದು ನಂಬರು ಹೆಚ್ಚಾದರೆ ಸುಮಾರು ಎಂಟೂವರೆ ಮಿ.ಮೀ., ಯುರೋಪಿನ ಲೆಕ್ಕದಲ್ಲಿ ಆರೂವರೆಯ ಮೇಲೆ ತುಸು. ಒಂದೊಂದು ಕಂಪನಿ ಒಂದಿಷ್ಟು ಹೆಚ್ಚುಕಡಿಮೆ ಮಾಡುತ್ತದೆ, ಆದ್ದರಿಂದ ನಂಬರನ್ನೇ ನಂಬಿ ಕೂರಬೇಡಿ.

ನಂಬಬೇಕಾದ ಅಳತೆ ಬೇರೆ ಇದೆ. ಸಂಜೆ, ಕಾಲು ತುಸು ಊದಿರುವ ಹೊತ್ತಿನಲ್ಲಿ, ನಡೆಯುವಾಗ ಹಾಕುವ ದಪ್ಪ ಸಾಕ್ಸನ್ನೇ ಹಾಕಿಕೊಂಡು ಹಿಮ್ಮಡಿಯನ್ನು ಗೋಡೆಗೆ ತಾಗಿಸಿ ನಿಲ್ಲಿ. ಗೋಡೆಯಿಂದ ಹೆಬ್ಬೆರಳ ಬುಡದ ಉಬ್ಬಿದ ಗೆಣ್ಣಿನವರೆಗೆ ಅಳೆಯಿರಿ. ಕಮಾನಿನ ತಗಡು ಈ ಗೆಣ್ಣಿನ ಹಿಂದೆಯೇ ಮುಗಿಯಬೇಕು. ಇಬ್ಬರ ಪಾದದ ಉದ್ದ ಒಂದೇ ಇದ್ದರೂ ಒಬ್ಬರ ಬೆರಳು ಉದ್ದ, ಇನ್ನೊಬ್ಬರ ಕಮಾನು ಉದ್ದ ಇರುತ್ತದೆ. ಇಬ್ಬರಿಗೂ ಒಂದೇ ಇನ್‌ಸೋಲ್ ಆಗುವುದಿಲ್ಲ. ಎರಡೂ ಕಾಲು ಅಳೆಯಿರಿ, ದೊಡ್ಡದನ್ನು ಹಿಡಿಯಿರಿ.

ಹೊಸದು ಬಂದ ಮೇಲೆ ಮೊದಲು ಬೂಟಿನ ಹೊರಗೇ, ನೆಲದ ಮೇಲಿಟ್ಟು ಅದರ ಮೇಲೆ ನಿಲ್ಲಿ. ಹಿಮ್ಮಡಿ ಬಟ್ಟಲಿನಲ್ಲಿ ಪೂರ್ತಿ ಕೂತಿರಬೇಕು, ಕಮಾನು ಇದೆ ಎಂದು ಗೊತ್ತಾಗಬೇಕು, ಚುಚ್ಚಬಾರದು. ಇಲ್ಲೇ ಒತ್ತಿದರೆ ಬೂಟಿನಲ್ಲಿ ಇನ್ನೂ ಒತ್ತುತ್ತದೆ, ಕತ್ತರಿ ಮುಟ್ಟದೆ ಹಿಂದಿರುಗಿಸಿ.

ಆಮೇಲೆ ಹಳೆಯ ಇನ್‌ಸೋಲ್ ಹೊರಗೆ ತೆಗೆಯಿರಿ. ಹಿಮ್ಮಡಿ ಕಡೆ ಅಂಟಿಸಿದ್ದರೆ ಜೋರಾಗಿ ಕಿತ್ತು ಹರಿಯಬೇಡಿ, ಪಕ್ಕದಿಂದ ನಿಧಾನ ಬಿಡಿಸಿ ಉಳಿದ ಅಂಟನ್ನು ಕೆರೆದು ನೆಲ ಸಮ ಮಾಡಿ. ಹಳೆಯದನ್ನು ಹೊಸದರ ಮೇಲಿಟ್ಟು, ಹಿಮ್ಮಡಿ ತುದಿ ಸರಿಯಾಗಿ ಕೂಡಿಸಿ, ಮುಂಭಾಗದ ಗೆರೆ ಎಳೆಯಿರಿ. ಆ ಗೆರೆಯ ಹೊರಗೆ 2 ಮಿ.ಮೀ. ಬಿಟ್ಟು ಕತ್ತರಿಸಿ. ಬೂಟಿಗೆ ಹಾಕಿ ನೋಡಿ. ತುದಿ ಮೇಲಕ್ಕೆ ಸುರುಳಿಯಾದರೆ ಇನ್ನೊಂದು ಮಿ.ಮೀ. ತೆಗೆಯಿರಿ. ಹಿಮ್ಮಡಿಯ ಕಡೆ, ಕಮಾನಿನ ಪಕ್ಕ ಕತ್ತರಿ ಹಾಕಲೇಬೇಡಿ. ಎಡದ್ದನ್ನು ನೋಡಿ ಬಲವನ್ನು ಕತ್ತರಿಸುವುದೂ ಬೇಡ, ಎರಡನ್ನೂ ಅದರದರ ಹಳೆಯ ಜೊತೆಯಿಂದಲೇ ಅಳೆಯಿರಿ.

ಬೂಟಿನೊಳಗೆ ಕೂತಮೇಲೆ ಹಿಮ್ಮಡಿ ಭಾಗವನ್ನು ಬೆರಳಿನಿಂದ ಒತ್ತಿ. ಅತ್ತಿತ್ತ ತೂಗಿದರೆ ಬಟ್ಟಲು ಬೂಟಿನ ಅಗಲಕ್ಕೆ ದೊಡ್ಡದಾಯಿತು ಎಂದರ್ಥ. ಲೇಸು ಕಟ್ಟದೆ ಕಾಲನ್ನು ಮುಂದಕ್ಕೆ ತಳ್ಳಿ ಬೆರಳು ಬೂಟಿನ ಮುಂತುದಿ ಮುಟ್ಟಿದಾಗ ಹಿಮ್ಮಡಿ ಹಿಂದೆ ಒಂದು ಬೆರಳು ಇಳಿಯಬೇಕು. ಈಗ ಲೇಸನ್ನು ಬುಡದಿಂದ ಹೊಸದಾಗಿ ಬಿಗಿಯಿರಿ, ಯಾಕೆಂದರೆ ಒಳಗಿನ ಜಾಗವೇ ಬದಲಾಗಿದೆ. ಮೊದಲ ದಿನ ಮನೆಯಲ್ಲೇ ಒಂದೆರಡು ತಾಸು ಹಾಕಿ. ದಿನಕ್ಕೊಂದು ತಾಸು ಏರಿಸುತ್ತ ಹೋಗಿ. ಎರಡು ವಾರ ಕಳೆದಮೇಲೆ ಬೆಟ್ಟ. ಮೊದಲ ಕೆಲವು ದಿನ ಮೀನಖಂಡದಲ್ಲಿ, ಮಂಡಿಯ ಸುತ್ತ ಆಯಾಸ ಅನ್ನಿಸುವುದು ಸಹಜ. ಚುಚ್ಚುವ ನೋವು, ಜೋಮು ಸಹಜವಲ್ಲ.

ಪ್ರಶ್ನೆ: ಹಳೆಯದರ ಮೇಲೆಯೇ ಹೊಸದನ್ನು ಹಾಕಬಹುದೇ? ಎರಡು ಪದರ ಇದ್ದರೆ ಇನ್ನೂ ಮೆತ್ತಗಲ್ಲವೇ? (ಹುಮನಾಬಾದ್)

ಉತ್ತರ: ಬೇಡ. ಕಾಲು ಅಷ್ಟು ಎತ್ತರಕ್ಕೆ ಏರುತ್ತದೆ. ಹಿಮ್ಮಡಿ ಬೂಟಿನ ಹಿಂಭಾಗದ ಗುಳಿಯಿಂದ ಹೊರಬಂದು ಪ್ರತಿ ಹೆಜ್ಜೆಗೂ ಎದ್ದು ಉಜ್ಜಿ ಬೊಬ್ಬೆ ಎಬ್ಬಿಸುತ್ತದೆ. ಮೇಲೆ ಬೆರಳುಗಳು ಬೂಟಿನ ಮಾಡಿಗೆ ತಾಗುತ್ತವೆ. ಪದರಗಳು ಒಂದರ ಮೇಲೊಂದು ಜಾರುತ್ತವೆ, ಇಳಿಜಾರಿನಲ್ಲಿ ಅದು ಅಪಾಯ. ಬೂಟು ನಿಜಕ್ಕೂ ಸಡಿಲವಿದ್ದರೆ ದಪ್ಪ ಇನ್‌ಸೋಲ್ ಒಂದನ್ನೇ ಹಾಕಿ.

ಪ್ರಶ್ನೆ: ಕೋಟೆಯೊಳಗೆ ದಿನಾ ಬೆಳಿಗ್ಗೆ ಐದಾರು ಕಿ.ಮೀ. ನಡೆಯುತ್ತೇನೆ. ಅಂಗಾಲಿನ ಮುಂಭಾಗ, ಬೆರಳುಗಳ ಬುಡದಲ್ಲಿ ಕೆಂಡ ಇಟ್ಟಂತೆ ಉರಿ. ಬೂಟಿನಲ್ಲಿ ಹರಳು ಸೇರಿದೆ ಎಂದು ಬಿಚ್ಚಿ ನೋಡಿದರೆ ಏನೂ ಇರುವುದಿಲ್ಲ. ಉರಿಯುವ ಜಾಗಕ್ಕೇ ಮೆತ್ತೆ ಅಂಟಿಸಿದರೂ ಪ್ರಯೋಜನ ಆಗಲಿಲ್ಲ. (ಬೀದರ್)

ಉತ್ತರ: ನೋಯುವ ಜಾಗಕ್ಕೇ ಮೆತ್ತೆ ಅಂಟಿಸಿದ್ದರಿಂದಲೇ ಪ್ರಯೋಜನವಾಗಲಿಲ್ಲ. ನೋಯುವ ಮೂಳೆಯ ಕೆಳಗೆ ಇಟ್ಟ ಮೆತ್ತೆ ಆ ಮೂಳೆಯನ್ನು ಇನ್ನಷ್ಟು ಮೇಲೆತ್ತಿ ಅದರ ಮೇಲೇ ಭಾರ ತರುತ್ತದೆ. ಮೆತ್ತೆ ಇರಬೇಕಾದ್ದು ಅದರ ಹಿಂದೆ, ಹಿಮ್ಮಡಿಯ ಕಡೆಗೆ. ಆಗ ಮೂಳೆಗಳ ಕಾಂಡ ಎತ್ತಲ್ಪಟ್ಟು ತುದಿಗಳು ಹಗುರಾಗುತ್ತವೆ, ತುಸು ಅಗಲವಾಗಿ ಹರಡಿಕೊಳ್ಳುತ್ತವೆ.

ಇದಕ್ಕೆಂದೇ ಮೆಟಟಾರ್ಸಲ್ ಪ್ಯಾಡ್ ಸಿಗುತ್ತದೆ. ನೀರಿನ ಹನಿಯ ಆಕಾರ, ಅಗಲ ತುದಿ ಬೆರಳುಗಳ ಕಡೆ ಇರಬೇಕು. ಜಾಗ ಗುರುತಿಸುವ ಬಗೆ ಹೀಗೆ: ಬೆರಳಿನಿಂದ ಒತ್ತಿ ಅತಿ ಹೆಚ್ಚು ನೋಯುವ ಬಿಂದು ಹುಡುಕಿ, ಅಲ್ಲಿ ಒದ್ದೆ ಕುಂಕುಮದ ಬೊಟ್ಟು ಇಡಿ. ಇನ್‌ಸೋಲನ್ನು ಬೂಟಿನಿಂದ ತೆಗೆದು ನೆಲದ ಮೇಲಿಟ್ಟು, ಹಿಮ್ಮಡಿ ಸರಿಯಾಗಿ ಕೂಡಿಸಿ, ಅದರ ಮೇಲೆ ಪೂರ್ತಿ ಭಾರ ಹಾಕಿ ನಿಲ್ಲಿ. ಕುಂಕುಮ ಇನ್‌ಸೋಲಿಗೆ ಅಂಟುತ್ತದೆ. ಪ್ಯಾಡಿನ ಮುಂತುದಿ ಆ ಗುರುತಿನಿಂದ ಸುಮಾರು 1 ಸೆಂ.ಮೀ. ಹಿಂದೆ ಬರಲಿ. ಮೊದಲೇ ಗೋಂದು ಹಚ್ಚಬೇಡಿ. ಟೇಪಿನಿಂದ ಹಿಡಿಸಿ 20 ನಿಮಿಷ ನಡೆಯಿರಿ. ಬೆರಳಿಗೆ ಜೋಮು ಬಂದರೆ, ನಡುಪಾದಕ್ಕೆ ಗುಂಡು ಒತ್ತಿದಂತಿದ್ದರೆ 2-3 ಮಿ.ಮೀ. ಆಚೆಈಚೆ ಸರಿಸಿ. ಸರಿಯಾದ ಜಾಗಕ್ಕೆ ಬಂದರೆ ಸ್ವಲ್ಪ ಹೊತ್ತಿನಲ್ಲಿ ಅದು ಇದೆ ಅನ್ನುವುದೇ ಮರೆತುಹೋಗುತ್ತದೆ. ತೆಳ್ಳನೆಯದರಿಂದ ಆರಂಭಿಸಿ, 3 ಮಿ.ಮೀ. ಸಾಕು.

ಇನ್ನೆರಡು ಸಂಗತಿ ನೋಡಿ. ಉರಿ ಮೂರನೆಯ ಮತ್ತು ನಾಲ್ಕನೆಯ ಬೆರಳ ನಡುವೆ ಇದ್ದು, ಪಾದವನ್ನು ಎರಡೂ ಪಕ್ಕದಿಂದ ಹಿಂಡಿದಾಗ ಜುಮ್ಮೆಂದರೆ ಅಲ್ಲಿ ನರ ಹಿಚುಕುತ್ತಿದೆ. ಅದಕ್ಕೆ ಮೊದಲ ಮದ್ದು ಅಗಲವಾದ ಬೂಟು. ಅಲ್ಲಿಯವರೆಗೆ ಲೇಸನ್ನು ಕೆಳಗಿನ ಮೊದಲ ಜೋಡಿ ತೂತು ಬಿಟ್ಟು ಮೇಲಿನಿಂದ ಪೋಣಿಸಿ. ಎರಡನೆಯದು ನೆಲ. ಬೀದರ್ ಕೋಟೆಯ ಸುತ್ತಿನ ಮೂರು ಸಾಲಿನ ಕಂದಕವನ್ನು ಯಾವ ಜಂಬಿಟ್ಟಿಗೆ ಕಲ್ಲಿನಲ್ಲಿ ಕೊರೆದಿದ್ದಾರೋ ಅದೇ ಕಲ್ಲು ಅಲ್ಲಿನ ದಾರಿಯಲ್ಲೂ ಎದ್ದು ನಿಂತಿದೆ. ಜೇನುಗೂಡಿನಂತೆ ತೂತು ತೂತಾದ, ಹರಿತ ಅಂಚಿನ ಕಲ್ಲು. ಹೊರಸೋಲ್ ಮೆತ್ತಗಿದ್ದರೆ ಅದರ ಒಂದೊಂದು ಮೊನೆಯೂ ಪಾದಕ್ಕೆ ಗೊತ್ತಾಗುತ್ತದೆ. ಬೂಟನ್ನು ಎರಡೂ ಕೈಯಿಂದ ಹಿಡಿದು ಬಾಗಿಸಿ. ಬೆರಳ ಬುಡದಲ್ಲಿ ಬಾಗಬೇಕು, ನಡುವಿನಲ್ಲಿ ಮಡಚಬಾರದು. ಪೇಪರಿನ ಹಾಗೆ ಮಡಚಿಕೊಂಡರೆ ಕಲ್ಲಿನ ಚುಚ್ಚನ್ನು ಇನ್‌ಸೋಲ್ ತಡೆಯಲಾರದು, ಬೂಟೇ ಬದಲಾಗಬೇಕು.

ಪ್ರಶ್ನೆ: ಪಾದ ಸ್ಕ್ಯಾನ್ ಮಾಡಿ, ಎಂಟು ಸಾವಿರ ರೂಪಾಯಿಯ ಇನ್‌ಸೋಲ್ ಮಾಡಿಸಲೇಬೇಕು ಎಂದರು. ಪರದೆಯ ಮೇಲೆ ಹಿಮ್ಮಡಿ ಕೆಂಪಗೆ ತೋರಿಸಿದ್ದು ನೋಡಿ ಹೆದರಿಕೆಯಾಯಿತು. ಮಾಡಿಸಲೇ? (ಕಲಬುರಗಿ)

ಉತ್ತರ: ನಿಂತಾಗ ಭಾರ ಹೆಚ್ಚು ಬೀಳುವ ಜಾಗವನ್ನು ಆ ಪರದೆ ಕೆಂಪಗೆ ತೋರಿಸುತ್ತದೆ. ಆರೋಗ್ಯವಾದ ಪಾದದ ಹಿಮ್ಮಡಿಯೂ ಕೆಂಪಗೇ ಕಾಣುತ್ತದೆ. ಕೆಂಪು ಎಂದರೆ ಕಾಯಿಲೆ ಅಲ್ಲ. ಸಾಮಾನ್ಯ ಹಿಮ್ಮಡಿ ನೋವಿಗೆ ಸಿದ್ಧ ಇನ್‌ಸೋಲಿಗೂ ಅಳತೆ ಕೊಟ್ಟು ಮಾಡಿಸಿದ್ದಕ್ಕೂ ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ದೊಡ್ಡ ವ್ಯತ್ಯಾಸ ಕಂಡಿಲ್ಲ. ಮೊದಲು ಒಳ್ಳೆಯ ಸಿದ್ಧ ಇನ್‌ಸೋಲನ್ನು ಆರು ವಾರ ಬಳಸಿ. ಪಾದದ ಆಕಾರವೇ ವಿಕಾರವಾಗಿದ್ದರೆ, ಸಂಧಿವಾತದಿಂದ ಗೆಣ್ಣು ಸೊಟ್ಟಗಾಗಿದ್ದರೆ, ಮಧುಮೇಹದಿಂದ ಪಾದ ಹುಣ್ಣಾಗಿದ್ದರೆ ಮಾಡಿಸಿದ್ದೇ ಬೇಕು. ಅಂಥವರು ಅಂಗಡಿಗಲ್ಲ, ಮೂಳೆ ವೈದ್ಯರ ಬಳಿ ಹೋಗಬೇಕು. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಮೂರೂ ಸರ್ಕಾರಿ ವೈದ್ಯಕೀಯ ಸಂಸ್ಥೆಗಳು.

ಪ್ರಶ್ನೆ: ಮಗಳಿಗೆ 11 ವರ್ಷ. ಒದ್ದೆ ಕಾಲಲ್ಲಿ ನಡೆದರೆ ನೆಲದ ಮೇಲೆ ಪೂರ್ತಿ ಪಾದ ಮೂಡುತ್ತದೆ, ಕಮಾನೇ ಇಲ್ಲ. ನೋವೇನೂ ಇಲ್ಲ, ನಮ್ಮ ಜೊತೆ ಯಾದಗಿರಿ ಕೋಟೆಯನ್ನೂ ಹತ್ತುತ್ತಾಳೆ. ಈಗಲೇ ಆರ್ಚ್ ಸಪೋರ್ಟ್ ಹಾಕಿಸಬೇಕೇ? (ಯಾದಗಿರಿ)

ಉತ್ತರ: ಹಾಕಿಸಬೇಕಿಲ್ಲ. ಅವಳನ್ನು ತುದಿಗಾಲಲ್ಲಿ ನಿಲ್ಲಿಸಿ ಹಿಂದಿನಿಂದ ನೋಡಿ. ಆಗ ಕಮಾನು ಮೂಡಿ, ಹಿಮ್ಮಡಿ ಒಳಮುಖವಾಗಿ ತಿರುಗಿದರೆ ಅದು ಮೃದುವಾದ ಚಪ್ಪಟೆ ಪಾದ. ಬಹಳ ಮಂದಿಯ ಪಾದ ಹೀಗೇ ಇದ್ದು ಬದುಕಿಡೀ ತೊಂದರೆ ಕೊಡುವುದಿಲ್ಲ. ಇನ್‌ಸೋಲ್ ಹಾಕಿದರೆ ಕಮಾನು ಬೆಳೆಯುತ್ತದೆ ಅನ್ನುವುದು ನಿಜವಲ್ಲ. ಅಳತೆಗೆ ಸರಿಯಾದ, ಹಿಮ್ಮಡಿ ಗಟ್ಟಿಯಿರುವ ಬೂಟು ಕೊಡಿಸಿ. ಮಕ್ಕಳ ಪಾದ ಬೇಗ ಬೆಳೆಯುತ್ತದೆ, ಮೂರು ನಾಲ್ಕು ತಿಂಗಳಿಗೊಮ್ಮೆ ಅಳೆಯಿರಿ. ತುದಿಗಾಲಲ್ಲೂ ಕಮಾನು ಬಾರದಿದ್ದರೆ, ಒಂದೇ ಕಾಲು ಚಪ್ಪಟೆಯಾಗಿದ್ದರೆ, ನಡೆದ ಮೇಲೆ ನೋವು ಎಂದರೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಸಿಮೆಂಟ್ ಕಾರ್ಖಾನೆಯಲ್ಲಿ ಎಂಟು ತಾಸು ಕಾಂಕ್ರೀಟ್ ಮೇಲೆ ನಿಂತ ಕೆಲಸ. ಸೇಫ್ಟಿ ಶೂ ಒಳಗೆ ಟ್ರೆಕ್ಕಿಂಗ್ ಇನ್‌ಸೋಲ್ ಹಾಕಬಹುದಾ? (ಸೇಡಂ)

ಉತ್ತರ: ಕೇಳಿದ್ದು ಒಳ್ಳೆಯದಾಯಿತು, ಯಾಕೆಂದರೆ ಇಲ್ಲಿ ಕಾಲುನೋವಿಗಿಂತ ದೊಡ್ಡ ಮಾತಿದೆ. ಸೇಫ್ಟಿ ಶೂ ಮುಂಭಾಗದಲ್ಲಿ ಬೆರಳು ಕಾಯುವ ಗಟ್ಟಿ ಟೋಪಿ 200 ಜೂಲ್ ಹೊಡೆತ ತಡೆಯುವಂತೆ ಪರೀಕ್ಷೆಗೊಳಗಾದದ್ದು. ಹೊಡೆತ ಬಿದ್ದಾಗ ಟೋಪಿ ತುಸು ಕೆಳಗೆ ತಗ್ಗುತ್ತದೆ, ಅಷ್ಟು ಜಾಗ ಬೆರಳಿನ ಮೇಲೆ ಖಾಲಿ ಇರಬೇಕು. ದಪ್ಪ ಇನ್‌ಸೋಲ್ ಹಾಕಿದರೆ ಆ ಖಾಲಿ ಜಾಗವನ್ನೇ ನೀವು ತಿಂದುಹಾಕಿದಂತೆ. ಜೊತೆಗೆ ಆ್ಯಂಟಿಸ್ಟ್ಯಾಟಿಕ್ ಶೂ ಆದರೆ ಮೈಯಲ್ಲಿ ಕೂಡುವ ಸ್ಥಿರ ವಿದ್ಯುತ್ ಇನ್‌ಸೋಲ್ ಮೂಲಕವೇ ನೆಲಕ್ಕೆ ಹರಿಯಬೇಕು. ಸಾದಾ ಫೋಮು ಅದನ್ನು ತಡೆಯುತ್ತದೆ. ಆದ್ದರಿಂದ ಶೂ ತಯಾರಿಸಿದ ಕಂಪನಿಯೇ ಆ ಮಾದರಿಗೆಂದು ಕೊಡುವ ಬದಲಿ ಇನ್‌ಸೋಲನ್ನು ಸುರಕ್ಷತಾ ಅಧಿಕಾರಿಯನ್ನು ಕೇಳಿ ತರಿಸಿಕೊಳ್ಳಿ. ನಿಂತ ಕೆಲಸಕ್ಕೆ ಎತ್ತರದ ಗಟ್ಟಿ ಕಮಾನಿಗಿಂತ ಪಿಯು ಮೆತ್ತೆಯೇ ಹಿತ. ಮೇಲೆ ಜೆಲ್ಲನ್ನು ಬೈದಿದ್ದು ನಡೆಯುವವರ ಸಲುವಾಗಿ.

ಪ್ರಶ್ನೆ: ಯುಗಾದಿಗೆ ಶ್ರೀಶೈಲಕ್ಕ ಪಾದಯಾತ್ರೆ ಹೋಗೋರಿದ್ದೀವಿ. ನನಗ 58 ವರ್ಷ, ಸಕ್ಕರಿ ಕಾಯಿಲೆ 12 ವರ್ಷದಿಂದ ಅದ. ಮಗ ಟ್ರೆಕ್ಕಿಂಗ್ ಬೂಟು, ಗಟ್ಟಿ ಕಮಾನಿನ ಇನ್‌ಸೋಲ್ ತಂದುಕೊಟ್ಟಾನ. ಹಾಕ್ಕೊಂಡ್ರ ಏನೂ ನೋವಾಗಂಗಿಲ್ಲ. ಹೋಗಬಹುದಲ್ರಿ? (ಸುರಪುರ)

ಉತ್ತರ: ‘ಏನೂ ನೋವಾಗಂಗಿಲ್ಲ’ ಅನ್ನುವ ಮಾತೇ ಮೊದಲು ಪರೀಕ್ಷೆಯಾಗಬೇಕು. ಹನ್ನೆರಡು ವರ್ಷದ ಸಕ್ಕರೆ ಕಾಯಿಲೆಯಲ್ಲಿ ಅಂಗಾಲಿನ ನರಗಳು ಮಂಕಾಗಿರಬಹುದು. ಆಗ ಕಮಾನು ಒತ್ತಿದರೂ, ಹರಳು ಸಿಕ್ಕರೂ, ಬೊಬ್ಬೆ ಒಡೆದರೂ ತಿಳಿಯುವುದಿಲ್ಲ. ಹೊರಡುವುದಕ್ಕೆ ಎರಡು ತಿಂಗಳು ಮೊದಲೇ ವೈದ್ಯರ ಬಳಿ ಹೋಗಿ. 10 ಗ್ರಾಂ ಒತ್ತುವ ನೈಲಾನ್ ಎಳೆಯನ್ನು ಅಂಗಾಲಿನ ಹಲವು ಕಡೆ ಮುಟ್ಟಿಸಿ, ನಿಮಗೆ ಗೊತ್ತಾಗುತ್ತದೆಯೇ ಎಂದು ನೋಡುತ್ತಾರೆ. ಐದು ನಿಮಿಷದ ಕೆಲಸ. ಪಾದದ ರಕ್ತ ಸಂಚಾರವನ್ನೂ ನೋಡಿಸಿಕೊಳ್ಳಿ.

ಸ್ಪರ್ಶ ಕಡಿಮೆ ಎಂದಾದರೆ ಗಟ್ಟಿ ತಗಡಿನ ಇನ್‌ಸೋಲ್ ಖಂಡಿತ ಬೇಡ. ಭಾರವನ್ನು ಇಡೀ ಅಂಗಾಲಿಗೆ ಹಂಚುವ ಮೆತ್ತನೆಯ ಹಾಸು ಬೇಕು. ನಮ್ಮಲ್ಲಿ ಎಂಸಿಆರ್ ಎಂದು ಕರೆಯುವ ಸೂಕ್ಷ್ಮ ರಂಧ್ರಗಳ ರಬ್ಬರು ಇದಕ್ಕೆಂದೇ ಬಳಕೆಯಲ್ಲಿದೆ. ಅದು ದಪ್ಪ, ಆದ್ದರಿಂದ ಒಳಗೆ ಹೆಚ್ಚು ಆಳವಿರುವ ಪಾದರಕ್ಷೆಯೇ ಬೇಕಾಗುತ್ತದೆ. ಇಕ್ಕಟ್ಟಾದ ಬೂಟಿನಲ್ಲಿ ತುರುಕಬೇಡಿ.

ಬರಿಗಾಲ ಹರಕೆ ಹೊತ್ತವರು ಜೊತೆಯಲ್ಲಿರುತ್ತಾರೆ. ಅವರನ್ನು ನೋಡಿ ನೀವೂ ಚಪ್ಪಲಿ ಬಿಡಬೇಡಿ. ಆ ದಿನಗಳ ಬಿಸಿಲಿಗೆ ಡಾಂಬರು 60 ಡಿಗ್ರಿ ದಾಟುತ್ತದೆ, ಮಂಕಾದ ಪಾದಕ್ಕೆ ಸುಟ್ಟದ್ದೂ ತಿಳಿಯುವುದಿಲ್ಲ. ಬೂಟು ಹಾಕುವ ಮುನ್ನ ಪ್ರತಿ ಸಲ ಒಳಗೆ ಕೈಯಾಡಿಸಿ. ಒಳಹೊಲಿಗೆ ಉಬ್ಬಿರದ ಸಾಕ್ಸು ಹಾಕಿ, ಬೆವತ ಕೂಡಲೇ ಬದಲಿಸಿ. ಎರಡು ತಾಸಿಗೊಮ್ಮೆ ಕುಳಿತು ಬೂಟು ಬಿಚ್ಚಿ ಅಂಗಾಲು ನೋಡಿಕೊಳ್ಳಿ, ಬಾಗಲಾಗದಿದ್ದರೆ ಸಣ್ಣ ಕನ್ನಡಿ ಇರಲಿ, ಇಲ್ಲವೇ ಜೊತೆಯವರು ನೋಡಲಿ. ಬಿಚ್ಚಿ ಅರ್ಧ ತಾಸಾದರೂ ಆರದ ಕೆಂಪು ಕಲೆ ಕಂಡರೆ ಅಲ್ಲಿ ಬೂಟು ಒತ್ತುತ್ತಿದೆ, ಅದೇ ಬೂಟಿನಲ್ಲಿ ಮುಂದೆ ನಡೆಯಬೇಡಿ. ಬೊಬ್ಬೆಯನ್ನು ಸೂಜಿಯಿಂದ ಚುಚ್ಚಬೇಡಿ, ಆಣಿಯನ್ನು ಬ್ಲೇಡಿನಿಂದ ಕೆತ್ತಬೇಡಿ. ಹಿಂದೆ ಪಾದ ಹುಣ್ಣಾಗಿದ್ದ ಚರಿತ್ರೆ ಇದ್ದರೆ, ವೈದ್ಯರು ಬೇಡ ಎಂದರೆ, ಗುಂಪಿನ ಗಾಡಿಯಲ್ಲಿ ಹೋಗಿ. ಮಲ್ಲಯ್ಯನ ದರ್ಶನ ಅದರಿಂದ ಕಡಿಮೆಯಾಗುವುದಿಲ್ಲ.

ಪ್ರಶ್ನೆ: ಬೆಟ್ಟ ಇಳಿಯುವಾಗ ಹೆಬ್ಬೆರಳ ಉಗುರು ಬೂಟಿಗೆ ಬಡಿದು ಕಪ್ಪಾಗುತ್ತದೆ. ಯಾವ ಇನ್‌ಸೋಲ್? (ಶಹಾಪುರ)

ಉತ್ತರ: ಯಾವುದೂ ಅಲ್ಲ. ಬೂಟು ಗಿಡ್ಡ, ಇಲ್ಲವೇ ಲೇಸು ಸಡಿಲ. ಉಗುರು ನೇರವಾಗಿ, ಗಿಡ್ಡ ಕತ್ತರಿಸಿ. ಇಳಿಯುವ ಮುನ್ನ ಕುಳಿತು ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಪಾದ ಹಿಂದಕ್ಕೆ ಸರಿಸಿ, ಪಾದ ಮತ್ತು ಕಣಕಾಲು ಕೂಡುವ ಮಡಿಕೆಯಲ್ಲಿ ಲೇಸನ್ನು ಎರಡು ಸುತ್ತು ಹೆಣೆದು ಬಿಗಿದು, ಆಮೇಲೆ ಮೇಲಕ್ಕೆ ಕಟ್ಟಿ. ಆ ಬಿಗಿ ಪಾದ ಮುಂದೆ ಜಾರದಂತೆ ಹಿಡಿಯುತ್ತದೆ. ಆಗಲೂ ಬಡಿದರೆ ಒಂದು ನಂಬರು ದೊಡ್ಡ ಬೂಟು.

ಪ್ರಶ್ನೆ: ಏಳು ವರ್ಷದ ಹಿಂದೆ ಕೊಂಡು ಎರಡೇ ಸಲ ಹಾಕಿದ ಬೂಟು ಪೆಟ್ಟಿಗೆಯಲ್ಲೇ ಇದೆ. ಇನ್‌ಸೋಲ್ ಮಾತ್ರ ಬದಲಿಸಿದರೆ ಸಾಕಲ್ಲವೇ? (ಬಸವಕಲ್ಯಾಣ)

ಉತ್ತರ: ಇನ್‌ಸೋಲ್ ಕೊಳ್ಳುವ ಮೊದಲು ಹೊರಸೋಲಿಗೂ ಮೇಲಿನ ಚರ್ಮಕ್ಕೂ ನಡುವಿನ ಪದರ ನೋಡಿ. ಅದು ಪಿಯು ಆಗಿದ್ದರೆ ಗಾಳಿಯ ತೇವ ಹೀರಿ ಒಳಗೊಳಗೇ ಶಿಥಿಲವಾಗುತ್ತದೆ, ಹಾಕದೆ ಇಟ್ಟರೂ ಬಿಡದು. ಉಗುರಿನಿಂದ ಒತ್ತಿ, ಬೂಟು ಬಾಗಿಸಿ. ಪುಡಿ ಉದುರಿದರೆ, ಸಣ್ಣ ಬಿರುಕು ಕಂಡರೆ ಮೊದಲ ನಡಿಗೆಯಲ್ಲೇ ಸೋಲ್ ಬೇರೆ, ಬೂಟು ಬೇರೆ. ಗಟ್ಟಿಯಿದ್ದರೂ ಊರ ಸುತ್ತ ಒಂದು ವಾರ ಹಾಕಿ ನೋಡಿ, ಕಾಡಿಗೆ ಆಮೇಲೆ.

ಪ್ರಶ್ನೆ: ಒಳ್ಳೆಯ ಇನ್‌ಸೋಲ್ ಎಷ್ಟು ದಿನ ಬರುತ್ತದೆ? ತೊಳೆದು ಕಾರಿನ ಗಾಜಿನ ಹಿಂದೆ ಬಿಸಿಲಿಗಿಟ್ಟಿದ್ದೆ, ಸೊಟ್ಟಗಾಗಿ ಬೂಟಿನಲ್ಲಿ ಕೂರುತ್ತಿಲ್ಲ. (ಕಲಬುರಗಿ)

ಉತ್ತರ: ನಡೆದ ದೂರದ ಲೆಕ್ಕದಲ್ಲಿ 500ರಿಂದ 800 ಕಿ.ಮೀ., ಮೈತೂಕ ಹೆಚ್ಚಿದ್ದರೆ ಅದಕ್ಕಿಂತ ಬೇಗ. ಹಿಮ್ಮಡಿ ಕೆಳಗಿನ ಫೋಮನ್ನು ಬೆರಳಿನಿಂದ ಒತ್ತಿ ಬಿಡಿ. ಗುಳಿ ಹಾಗೇ ಉಳಿದರೆ ಅದರ ಆಯುಷ್ಯ ಮುಗಿದಿದೆ. ಮೇಲಿನ ಬಟ್ಟೆ ಹರಿದು ಸುಕ್ಕಾದರೂ ಮುಗಿದಂತೆಯೇ, ಆ ಸುಕ್ಕೇ ಬೊಬ್ಬೆ ಎಬ್ಬಿಸುತ್ತದೆ.

ಬಿಸಿಲು ಕಾರಿನೊಳಗೆ ಹೊರಗಿಗಿಂತ ಎಷ್ಟೋ ಹೆಚ್ಚು. ಇವಿಎ ಫೋಮು ಆ ಕಾವಿಗೆ ಕುಗ್ಗಿ ತಿರುಚಿಕೊಳ್ಳುತ್ತದೆ. ಒಮ್ಮೆ ತಿರುಚಿದ್ದು ನೆಟ್ಟಗಾಗದು, ಬದಲಿಸಿ. ಉಗುರುಬೆಚ್ಚನೆಯ ನೀರು, ಸೌಮ್ಯ ಸೋಪು, ಮೆತ್ತನೆಯ ಬ್ರಷ್ಷು ಸಾಕು. ಹಿಂಡಬೇಡಿ, ಟವೆಲಿನಲ್ಲಿ ಒತ್ತಿ ನೆರಳಿನಲ್ಲಿ ಗಾಳಿಗಿಡಿ. ನಡೆದು ಬಂದ ಪ್ರತಿ ಸಂಜೆ ಹೊರಗೆ ತೆಗೆದಿಟ್ಟರೆ ಬೂಟಿನ ಒಳಗೂ ಒಣಗುತ್ತದೆ, ವಾಸನೆಯೂ ಹಿಡಿಯುವುದಿಲ್ಲ.

ಹಾಗೆ ತೆಗೆದಾಗ ತಿರುವಿ ಕೆಳಭಾಗವನ್ನೂ ನೋಡಿ, ಬೂಟಿನ ತಳದಲ್ಲೂ ಕಣ್ಣಾಡಿಸಿ. ನಮ್ಮ ಕಡೆಯ ಜಾಲಿಮುಳ್ಳು ಸೋಲನ್ನು ತೂರಿ ಬಂದು, ಹೊರಗಿನ ಬುಡ ಮುರಿದು, ಮೊನೆ ಮಾತ್ರ ಇನ್‌ಸೋಲಿನ ಫೋಮಿನೊಳಗೆ ನಿಂತಿರುತ್ತದೆ. ಮೇಲಿನಿಂದ ಕಾಣುವುದಿಲ್ಲ, ಕೂತಾಗ ಚುಚ್ಚುವುದೂ ಇಲ್ಲ. ಪೂರ್ತಿ ಭಾರ ಬಿದ್ದಾಗ ಮಾತ್ರ ಅಂಗಾಲಿಗೆ ತಾಗುತ್ತದೆ. ಇನ್‌ಸೋಲನ್ನು ಹಿಂದಕ್ಕೆ ಮಡಚಿದರೆ ಮೊನೆ ಹೊರಬರುತ್ತದೆ, ಚಿಮಟದಿಂದ ಕೆಳಗಿನ ಕಡೆಯಿಂದಲೇ ಎಳೆಯಿರಿ. ಹೊರಸೋಲಿನಲ್ಲಿ ಉಳಿದ ತುಂಡನ್ನೂ ಇಕ್ಕಳ ಹಾಕಿ ತೆಗೆಯದೆ ಇನ್‌ಸೋಲನ್ನು ಮತ್ತೆ ಒಳಗಿಡಬೇಡಿ.